2005ರಿಂದ ಉಳಿದುಹೋದ ಒಂದು ಪ್ರಶ್ನೆ



ಶತಮಾನದ ನೆನಪುಗಳಲ್ಲಿ 2005ನೆಯ ಇಸವಿಯನ್ನು ನಾವು ದಾಟಿ ಹೋಗಲಾರೆವು. ಆ ವರ್ಷ ಜುಲೈ 28ರಂದು ಐರಿಶ್ ರಿಪಬ್ಲಿಕನ್ ಸೇನೆಯು ತನ್ನ ಸಶಸ್ತ್ರ ಹೋರಾಟವನ್ನು ಕೊನೆಗೊಳಿಸಿತು. ಹದಿನೆಂಟು ದಿನಗಳ ತರುವಾಯ, ಸ್ವಾತಂತ್ರ್ಯೋತ್ಸವದ ದಿನವೇ, ನಮ್ಮ ನಾರಾಯಣಪೇಟೆಯಲ್ಲಿ ಮಾವೋವಾದಿಗಳ ಗುಂಡಿಗೆ ಮಕ್ತಲ್ ಶಾಸಕ ಚಿಟ್ಟೆಂ ನರಸಿರೆಡ್ಡಿಯವರೂ ಅವರ ಪುತ್ರರೂ ಜೊತೆಗಿದ್ದ ಹಲವರೂ ಬಲಿಯಾದರು.

ಶಾಲೆ ಮತ್ತೆ ತೆರೆದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಬಂದೂಕು ಮೊದಲು ಯಾರು ಕೆಳಗಿಡಬೇಕ್ರೀ ಟೀಚರ್?" ನಾವು ಕೇಳಿಸದವರಂತೆ ಪಾಠ ಮುಂದುವರಿಸಿದೆವು. ತಪ್ಪು ನಮ್ಮದೇ.

ಐರ್ಲೆಂಡಿನಲ್ಲಿ ಇದೇ ಪ್ರಶ್ನೆ 1998ರ ಒಪ್ಪಂದದ ಬಳಿಕವೂ ಏಳು ವರ್ಷ ಎಳೆಯಿತು. ಛಾಯಾಚಿತ್ರ ಕೊಡುವುದು ಅವಮಾನವೆಂದು ಆ ಸೇನೆ ಒಪ್ಪಲಿಲ್ಲ. ಕಡೆಗೆ ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್, ಮೆಥೊಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್ ಇಬ್ಬರೂ ಶಸ್ತ್ರನಾಶವನ್ನು ಕಣ್ಣಾರೆ ಕಂಡು ಸಾಕ್ಷಿ ನುಡಿದರು. ನಮ್ಮಲ್ಲಿಯೂ ಎಸ್.ಆರ್. ಶಂಕರನ್ ಅವರಂಥ ಮಧ್ಯಸ್ಥರಿದ್ದರು. 2004ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸರ್ಕಾರವೂ ನಕ್ಸಲ ನಾಯಕರೂ ಎದುರುಬದುರು ಕುಳಿತಿದ್ದರು. ಬಂದೂಕಿನೊಡನೆ ಊರಿಗೆ ಬರಬಹುದೇ ಎಂಬ ತಕರಾರು ಬಗೆಹರಿಯಲಿಲ್ಲ. ಜನವರಿಗೆ ಮಾತುಕತೆ ಮುರಿಯಿತು. ಏಳು ವರ್ಷದ ಕೆಲಸಕ್ಕೆ ನಾವು ಮೂರು ತಿಂಗಳು ಕೊಟ್ಟೆವು.

ಆ ಹುಡುಗಿ ಇಂದು ತನ್ನ ಮಗಳೊಡನೆ ಈ ಸಭೆಯಲ್ಲಿ ಕುಳಿತಿದ್ದಾಳೆ. ಇದನ್ನು ಅವಳಿಗೆಂದೇ ಹೇಳಿದೆವು.