ಉಳುಮೆಯ ಎಂಜಿನ್ನು, ಜಾತ್ರೆಯ ತೊಟ್ಟಿಲು

ಊರೂರು ಸುತ್ತುವ ಜಾತ್ರೆಯ ದೊಡ್ಡ ತೊಟ್ಟಿಲನ್ನು, ಅಂದರೆ ಜೈಂಟ್ ವೀಲನ್ನು, ಗುಜರಿಗೆ ಹೋಗಬೇಕಿದ್ದ ಹಳೆಯ ಟ್ರ್ಯಾಕ್ಟರಿನ ಎಂಜಿನ್ನಿನಿಂದ ತಿರುಗಿಸುವ ರೂಢಿಯನ್ನು ಬರಿಯ ಅಗ್ಗದ ಉಪಾಯವೆಂದು ತಳ್ಳಿಹಾಕುವವರುಂಟು. ಅಗ್ಗವೆಂಬುದು ನಿಜವೇ ಆದರೂ, ಲಾರಿಯ ಅಥವಾ ಕಾರಿನ ಹಳೆಯ ಎಂಜಿನ್ನುಗಳೂ ಅಷ್ಟೇ ಸುಲಭವಾಗಿ ಸಿಗುವಾಗ ಟ್ರ್ಯಾಕ್ಟರಿನದೇ ಈ ಕೆಲಸಕ್ಕೆ ಹೆಚ್ಚು ಒಗ್ಗುವುದೇಕೆ ಎಂಬ ಪ್ರಶ್ನೆಗೆ ಯಂತ್ರದ ಒಳಗೇ ಉತ್ತರವಿದೆ.

ಬಳ್ಳಾರಿ ಸೀಮೆಯಲ್ಲಿ ಹೊಲ ಮತ್ತು ಜಾತ್ರೆ ಎಂಬ ಈ ಎರಡು ಲೋಕಗಳು ಅಕ್ಕಪಕ್ಕದಲ್ಲೇ ಇವೆ. 1953ರಲ್ಲಿ ನೀರು ಹರಿಸತೊಡಗಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಸಿರುಗುಪ್ಪ ಭಾಗವನ್ನು ಭತ್ತದ ನಾಡಾಗಿಸಿದವು. ಅಲ್ಲಿನ ಕೆಸರುಗದ್ದೆಗೆ ಟ್ರ್ಯಾಕ್ಟರನ್ನು ಇಳಿಸುವಾಗ ಹಿಂಗಾಲಿಗೆ ಕಬ್ಬಿಣದ ಪಂಜರದಂಥ ಕೇಜ್ ವೀಲ್ ಕಟ್ಟುತ್ತಾರೆ, ಮತ್ತು ಆ ಕೆಸರಿನ ದುಡಿತದಲ್ಲಿ ಸೀಲು, ಬೇರಿಂಗು, ಕ್ಲಚ್ಚುಗಳು ಸವೆದ ಮೇಲೂ ಎಂಜಿನ್ನು ಮಾತ್ರ ಲೈನರ್, ಪಿಸ್ಟನ್, ರಿಂಗು ಬದಲಿಸಿದರೆ ಮತ್ತೆ ದುಡಿಯಬಲ್ಲದು. ಇತ್ತ ಹೋಳಿ ಹುಣ್ಣಿಮೆಯ ಸುಮಾರಿಗೆ ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಬಳ್ಳಾರಿ ನಗರದಲ್ಲಿ ಕನಕದುರ್ಗಮ್ಮನ ಸಿಡಿಬಂಡಿ. ಉದ್ದನೆಯ ಸಿಡಿಗಂಬವನ್ನು ಹೊತ್ತು ಗುಡಿ ಸುತ್ತುವ ಆ ಬಂಡಿಯೂ ಒಂದು ಬಗೆಯ ಎತ್ತರದ ಯಂತ್ರವೇ ಎನ್ನಬಹುದು, ಅದರ ಉದ್ದೇಶ ಭಕ್ತಿಯಾದರೂ.

ತೊಟ್ಟಿಲಿಗೆ ಭಾರಿ ಶಕ್ತಿ ಬೇಕೆಂಬ ಊಹೆ ಸರಿಯಲ್ಲ. ಎದುರುಬದುರಿನ ಪೆಟ್ಟಿಗೆಗಳಲ್ಲಿ ತೂಕ ಸಮನಾಗಿದ್ದರೆ ಎಂಜಿನ್ನು ಗಾಳಿ ಮತ್ತು ಬೇರಿಂಗುಗಳ ತಡೆಯನ್ನಷ್ಟೇ ಮೀರಬೇಕಾಗುತ್ತದೆ. ಉದಾಹರಣೆಗೆ 12 ಮೀಟರ್ ವ್ಯಾಸದ ತೊಟ್ಟಿಲು ನಿಮಿಷಕ್ಕೆ 6 ಸುತ್ತು ತಿರುಗುತ್ತಿದ್ದು, ಒಂದು ಬದಿಯಲ್ಲಿ 60 ಕಿಲೋ ತೂಗುವ ಒಬ್ಬರು ಹೆಚ್ಚಾಗಿ ಕುಳಿತಿದ್ದರೆ, ಅವರನ್ನು ಮೇಲೆತ್ತುವ ಅತಿ ಕಷ್ಟದ ಗಳಿಗೆಯಲ್ಲಿಯೂ ಬೇಕಾಗುವುದು ಸುಮಾರು 3 ಅಶ್ವಶಕ್ತಿ. ಆದ್ದರಿಂದ 35 ಅಶ್ವಶಕ್ತಿಯ ಎಂಜಿನ್ನಿಗೆ ಅದು ದೊಡ್ಡ ಹೊರೆಯಲ್ಲ. ಆದರೆ ಆ ಹೊರೆ ಒಂದೇ ಸಮನಾಗಿರುವುದಿಲ್ಲ: ಹೆಚ್ಚಿನ ತೂಕ ಮೇಲೇರುವಾಗ ಎಂಜಿನ್ನಿನ ಮೇಲೆ ಬೀಳುತ್ತದೆ, ಅರ್ಧ ಸುತ್ತಿನ ನಂತರ ಅದೇ ತೂಕ ಕೆಳಗಿಳಿಯುತ್ತ ಚಕ್ರವನ್ನು ತಾನೇ ಎಳೆಯುತ್ತದೆ. ಹೊರೆ ಹೀಗೆ ಏರಿಳಿಯುತ್ತಿದ್ದರೂ ವೇಗ ಏರಿಳಿಯಬಾರದು.

ಟ್ರ್ಯಾಕ್ಟರನ್ನು ರೂಪಿಸಿದವರ ಮುಂದಿದ್ದ ಸಮಸ್ಯೆಯೂ ಇದೇ ಆಗಿತ್ತು, ಏಕೆಂದರೆ ಎರೆಹೊಲದಲ್ಲಿ ನೇಗಿಲು ಒಂದು ಕ್ಷಣ ಸಲೀಸಾಗಿ ಸಾಗಿ ಮರುಕ್ಷಣ ಗಟ್ಟಿ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಅವರು ಕೊಟ್ಟ ಪರಿಹಾರವೇ ಗವರ್ನರ್, ಅಂದರೆ ಎಂಜಿನ್ನಿನ ವೇಗವನ್ನು ತಾನಾಗಿಯೇ ಕಾಯುವ ಸಾಧನ. ಡೀಸೆಲ್ ಪಂಪಿನೊಳಗೆ ತಿರುಗುವ ಸಣ್ಣ ತೂಕಗಳು ವೇಗ ಹೆಚ್ಚಿದಾಗ ಹೊರಕ್ಕೆ ಸರಿದು ಡೀಸೆಲ್ಲನ್ನು ಕಡಿಮೆ ಮಾಡುತ್ತವೆ, ವೇಗ ತಗ್ಗಿದಾಗ ಒಳಕ್ಕೆ ಬರುತ್ತವೆ, ಆಗ ಸ್ಪ್ರಿಂಗು ಡೀಸೆಲ್ಲನ್ನು ಹೆಚ್ಚಿಸುತ್ತದೆ. ಕೈ ಎಕ್ಸಲೇಟರನ್ನು ಒಂದೆಡೆ ನಿಲ್ಲಿಸಿದರೆ ಉಳಿದುದನ್ನು ಗವರ್ನರ್ ನೋಡಿಕೊಳ್ಳುತ್ತದೆ. ಚಾಲಕನ ಪಾದವನ್ನೇ ನಂಬಿದ ಕಾರಿನ ಎಂಜಿನ್ನಿಗೆ ಈ ಗುಣವಿಲ್ಲ. ನಿಂತಲ್ಲೇ ದುಡಿಯುವುದೂ ಟ್ರ್ಯಾಕ್ಟರಿಗೆ ಹೊಸದಲ್ಲ: ಕಣದಲ್ಲಿ ರಾಶಿ ಯಂತ್ರವನ್ನು ತಿರುಗಿಸುವಾಗ ಅದು ಹಿಂಬದಿಯ ದಂಡವನ್ನು ನಿಮಿಷಕ್ಕೆ 540 ಸುತ್ತಿನಂತೆ ಗಂಟೆಗಟ್ಟಲೆ ತಿರುಗಿಸುತ್ತದೆ.

ಇನ್ನು ವೇಗವನ್ನು ಇಳಿಸುವ ಪ್ರಶ್ನೆ. ಎಂಜಿನ್ನು 1500 ಸುತ್ತು ತಿರುಗುವಲ್ಲಿ ತೊಟ್ಟಿಲು 6 ಸುತ್ತು ತಿರುಗಬೇಕಾದರೆ 250ಕ್ಕೆ 1ರ ಇಳಿಕೆ ಬೇಕು. ತೊಟ್ಟಿಲಿನ ಹೊರ ಅಂಚಿಗೆ ಹಗ್ಗ ಸುತ್ತಿ ಅದನ್ನು 40 ಸೆಂಟಿಮೀಟರ್ ವ್ಯಾಸದ ಗಾಲಿಯಿಂದ ಎಳೆದರೆ ಅಲ್ಲಿಯೇ 30ಕ್ಕೆ 1ರಷ್ಟು ಇಳಿದು, ಗೇರ್ ಪೆಟ್ಟಿಗೆಯ ಪಾಲಿಗೆ ಎಂಟೊಂಬತ್ತು ಪಟ್ಟಿನ ಇಳಿಕೆಯಷ್ಟೇ ಉಳಿಯುತ್ತದೆ. ಹಡಗಿನಾಕಾರದ ಕೊಲಂಬಸ್ ಆಟದಲ್ಲಿ ಹಗ್ಗದ ಬದಲು ಹಡಗಿನ ತಳಕ್ಕೆ ಒತ್ತಿ ತಿರುಗುವ ಟೈರು ಇರುತ್ತದೆ.

ಹೊಲದ ಯಂತ್ರ ಜಾತ್ರೆಗೆ ಬಂದದ್ದು ಭಾರತದಲ್ಲಿಯೇ ಮೊದಲೂ ಅಲ್ಲ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಪಟ್ಟಣದಲ್ಲಿ ಕೃಷಿ ಯಂತ್ರಗಳನ್ನು ತಯಾರಿಸುತ್ತಿದ್ದ ಫ್ರೆಡರಿಕ್ ಸ್ಯಾವೇಜ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಬೆಯಿಂದ ತಿರುಗುವ ಜಾತ್ರೆಯ ಆಟಗಳನ್ನು ಕಟ್ಟಿ ಹೆಸರಾದನು.

ಆದರೆ ಹೊಲದಿಂದ ಬಂದ ಎಂಜಿನ್ನು ಮಾಡಲಾರದ ಕೆಲಸವೊಂದಿದೆ, ಅದು ನಿಲ್ಲಿಸುವುದು. ಡೀಸೆಲ್ಲನ್ನು ಕಡಿದರೆ ಎಂಜಿನ್ನು ನಿಲ್ಲುತ್ತದೆಯೇ ಹೊರತು, ಕ್ಲಚ್ಚು ಬಿಡಿಸಿದ ತೊಟ್ಟಿಲು ಭಾರವಿರುವ ಬದಿಯನ್ನು ಕೆಳಕ್ಕೆ ತಂದುಕೊಳ್ಳುವವರೆಗೆ ತಾನಾಗಿಯೇ ಉರುಳುತ್ತದೆ. ಆದ್ದರಿಂದ ಚಕ್ರಕ್ಕೇ ತಾಗುವ ಪ್ರತ್ಯೇಕ ಬ್ರೇಕು ಅನಿವಾರ್ಯ. ಅನುಭವವುಳ್ಳ ಆಪರೇಟರು ಜನರನ್ನು ಹತ್ತಿಸುವಾಗ, ಇಳಿಸುವಾಗ ಸಾಲಾಗಿ ಪೆಟ್ಟಿಗೆ ತುಂಬದೆ ಒಂದಾದ ಮೇಲೆ ಅದರ ಎದುರಿನದಕ್ಕೆ ಹೋಗುವುದಕ್ಕೂ ಇದೇ ಕಾರಣ. ಸರತಿಯಲ್ಲಿ ನಿಂತವರಿಗೆ ಅದು ಸುಮ್ಮನೆ ತಡಮಾಡಿದಂತೆ ಕಾಣುತ್ತದೆ.