ದೆಹಲಿಗೆ ಬರುವ ವಿದೇಶೀ ಸ್ನಾತಕೋತ್ತರ ವಿದ್ಯಾರ್ಥಿಗಳು: ಶುಲ್ಕ ಮತ್ತು ಜೀವನವೆಚ್ಚ

ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೋ ಸಂಶೋಧನೆಗೋ ಆಯ್ಕೆಯಾದ ವಿದೇಶೀ ವಿದ್ಯಾರ್ಥಿಯ ಕೈಗೆ ಬರುವ ಪ್ರವೇಶಪತ್ರದಲ್ಲಿ ಶುಲ್ಕದ ಮೊತ್ತ ಸ್ಪಷ್ಟವಾಗಿ ನಮೂದಾಗಿರುತ್ತದೆ. ಹಲವು ಸಂಸ್ಥೆಗಳಲ್ಲಿ ಅದು ಅಮೆರಿಕದ ಡಾಲರ್‌ಗಳಲ್ಲಿರುತ್ತದೆ. ಆ ಮೊತ್ತವನ್ನು ಹೊಂದಿಸಿದರೆ ಕಷ್ಟ ಕಳೆಯಿತೆಂದು ಅಡಿಸ್ ಅಬಾಬಾದಲ್ಲೋ ಕಠ್ಮಂಡುವಿನಲ್ಲೋ ಕುಳಿತ ಕುಟುಂಬ ಭಾವಿಸುವುದು ಸಹಜ. ಆದರೆ ಎರಡು ವರ್ಷಗಳ ಅಥವಾ ಐದು ವರ್ಷಗಳ ವಾಸದಲ್ಲಿ ವಿದ್ಯಾರ್ಥಿಯನ್ನು ಇಕ್ಕಟ್ಟಿಗೆ ಸಿಲುಕಿಸುವುದು ಬಹುತೇಕ ಮುದ್ರಿತ ಶುಲ್ಕವಲ್ಲ. ಆ ಪತ್ರದಲ್ಲಿ ಕಾಣಿಸದ ವೆಚ್ಚಗಳು, ಮತ್ತು ಹಣ ಕೈಸೇರುವಲ್ಲಿ ಆಗುವ ವಿಳಂಬ. ಆ ಕಾಣದ ಲೆಕ್ಕವನ್ನು ತೆರೆದಿಡುವುದು ಈ ಭಾಷಣದ ಉದ್ದೇಶ.

ವಿದೇಶೀ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವುದು ಸ್ವತಂತ್ರ ಭಾರತದ ಆರಂಭದ ದಿನಗಳಿಂದಲೂ ನಡೆದುಬಂದ ಕಾರ್ಯ. ಮೌಲಾನಾ ಅಬುಲ್ ಕಲಾಂ ಆಜಾದರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಇಂದಿಗೂ ದೆಹಲಿಯ ಆಜಾದ್ ಭವನದಿಂದ ವಿದ್ಯಾರ್ಥಿವೇತನಗಳನ್ನು ನಿರ್ವಹಿಸುತ್ತಿದೆ. ದೆಹಲಿಯಲ್ಲಿ ಅರ್ಥಶಾಸ್ತ್ರ ವ್ಯಾಸಂಗ ಮಾಡಿದ ಬಿಂಗು ವಾ ಮುಥಾರಿಕಾ 2004ರಲ್ಲಿ ಮಲಾವಿ ದೇಶದ ಅಧ್ಯಕ್ಷರಾದರು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಬಾಬುರಾಮ್ ಭಟ್ಟರಾಯ್ 2011ರಲ್ಲಿ ನೇಪಾಳದ ಪ್ರಧಾನಮಂತ್ರಿಯಾದರು. ಇಂತಹ ಹೆಸರುಗಳನ್ನು ಹೆಮ್ಮೆಯಿಂದ ಸ್ಮರಿಸುವಾಗ ಅವರೂ ಒಂದು ಕಾಲಕ್ಕೆ ಬಾಡಿಗೆ, ಊಟ, ಬಸ್ಸಿನ ಖರ್ಚುಗಳನ್ನು ಲೆಕ್ಕಹಾಕಿದವರೇ ಎಂಬುದು ಮರೆತುಹೋಗುತ್ತದೆ.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಅತ್ಯಧಿಕ ಸಂಖ್ಯೆಯ ವಿದೇಶೀ ವಿದ್ಯಾರ್ಥಿಗಳಿದ್ದ ರಾಜ್ಯ ಕರ್ನಾಟಕವೇ ಆಗಿತ್ತು. 2021-22ರಲ್ಲಿ ದೇಶದಲ್ಲಿ ಒಟ್ಟು 46,878 ವಿದೇಶೀ ವಿದ್ಯಾರ್ಥಿಗಳಿದ್ದರು. ಅವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನೇಪಾಳದವರು. ಇವರು ಭಾರತೀಯ ವಿದ್ಯಾರ್ಥಿಗಳ ಸ್ಥಾನಗಳನ್ನು ಕಸಿಯುತ್ತಾರೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಅನುಮತಿಸಿದ ಶೇಕಡಾ 25ರಷ್ಟು ಸ್ಥಾನಗಳು ಮಂಜೂರಾದ ಸಂಖ್ಯೆಯ ಮೇಲೆ ಹೆಚ್ಚುವರಿಯಾಗಿ ಸೃಷ್ಟಿಯಾಗುವಂಥವು.

ಮೊದಲು ಶುಲ್ಕದ ಮಾತು. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತ ಮೂವರು ವಿದೇಶೀಯರು ಮೂರು ಬಗೆಯ ಶುಲ್ಕ ಕೊಡುತ್ತಿರುವುದು ಅಪರೂಪವಲ್ಲ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು 2025-26ನೇ ಸಾಲಿನಿಂದ ವಿದೇಶೀಯರ ಶುಲ್ಕವನ್ನು ಗಣನೀಯವಾಗಿ ಇಳಿಸಿತು. ಮಾನವಿಕ ವಿಷಯಗಳಲ್ಲಿ ಸಾರ್ಕ್ ರಾಷ್ಟ್ರಗಳ ವಿದ್ಯಾರ್ಥಿಗೆ ಪ್ರತಿ ಸೆಮಿಸ್ಟರಿಗೆ 700 ಡಾಲರ್ ಇದ್ದದ್ದು 200ಕ್ಕೆ, ಆಫ್ರಿಕಾ ಹಾಗೂ ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗೆ 1,500 ಡಾಲರ್ ಇದ್ದದ್ದು 300ಕ್ಕೆ ಇಳಿಯಿತು. 2007ರ ಸಾರ್ಕ್ ಶೃಂಗಸಭೆಯ ನಿರ್ಣಯದಂತೆ 2010ರಲ್ಲಿ ಆರಂಭವಾಗಿ, ಚಾಣಕ್ಯಪುರಿಯ ಅಕ್ಬರ್ ಭವನದಲ್ಲಿ ದಶಕಕ್ಕೂ ಹೆಚ್ಚು ಕಾಲ ನಡೆದು, 2023ರಲ್ಲಿ ಮೈದಾನ್ ಗಢಿಯ ಸ್ವಂತ ಆವರಣಕ್ಕೆ ತೆರಳಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯದ್ದು ಬೇರೆಯೇ ವ್ಯವಸ್ಥೆ. ನೊಯ್ಡಾ, ಗ್ರೇಟರ್ ನೊಯ್ಡಾ, ಗುರುಗ್ರಾಮಗಳ ಖಾಸಗಿ ಸಂಸ್ಥೆಗಳ ಶುಲ್ಕ ಇವೆಲ್ಲಕ್ಕಿಂತ ಬಹಳ ಮೇಲೆ. ಅಲ್ಲಿ ಘೋಷಿತವಾಗುವ ರಿಯಾಯಿತಿಯು ಮೊದಲ ವರ್ಷಕ್ಕೆ ಮಾತ್ರವೋ ಕೊನೆಯವರೆಗೂ ಉಂಟೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ವಿವೇಕ.

ಶುಲ್ಕ ಡಾಲರಿನಲ್ಲಿ ಸ್ಥಿರವಾಗಿದ್ದರೂ ಅದನ್ನು ತೆರುವ ತಂದೆಯ ಸಂಪಾದನೆ ಆಯಾ ದೇಶದ ನಾಣ್ಯದಲ್ಲಿರುತ್ತದೆ. 2022ರ ಆರಂಭದಲ್ಲಿ ಶ್ರೀಲಂಕಾದಲ್ಲಿ ಒಂದು ಡಾಲರಿಗೆ ಸುಮಾರು 200 ರೂಪಾಯಿ ಇತ್ತು; ಅದೇ ವರ್ಷದ ಮೇ ವೇಳೆಗೆ ಅದು 360ರ ಆಸುಪಾಸಿಗೆ ಏರಿತು. 700 ಡಾಲರ್ ಹೊಂದಿಸಲು 1,40,000 ಶ್ರೀಲಂಕಾ ರೂಪಾಯಿ ಸಾಕಾಗುತ್ತಿದ್ದ ಮನೆಗೆ ಕೆಲವೇ ತಿಂಗಳುಗಳಲ್ಲಿ 2,52,000 ಬೇಕಾಯಿತು. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ನಾಣ್ಯದ ಮೇಲಿನ ಹಿಡಿತ ಸಡಿಲಿಸಿದಾಗ ಆದ ಆಘಾತ ಇನ್ನೂ ತೀವ್ರ. ಸುಮಾರು 460 ನೈರಾ ಇದ್ದ ಡಾಲರ್ 2024ರಲ್ಲಿ 1,500ರ ಮಟ್ಟ ಮುಟ್ಟಿತು. ಇಥಿಯೋಪಿಯಾದಲ್ಲಿ 2024ರ ಜುಲೈನಲ್ಲಿ ಇದೇ ಬಗೆಯ ಕ್ರಮ ಜಾರಿಗೆ ಬಂದಿತು. ವಿಶ್ವವಿದ್ಯಾಲಯ ಶುಲ್ಕವನ್ನು ಒಂದು ಕಾಸೂ ಏರಿಸದಿದ್ದರೂ ವಿದ್ಯಾರ್ಥಿಯ ಪಾಲಿಗೆ ಅದು ಎರಡು ಮೂರು ಪಟ್ಟಾದ ಪ್ರಸಂಗಗಳಿವು. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳುಹಿಸಿ ಡಾಲರಿನ ಬೆಲೆಯನ್ನು ನಿತ್ಯ ನೋಡುವ ಬೆಂಗಳೂರಿನ ತಂದೆತಾಯಿಗಳಿಗೆ ಈ ಆತಂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ವಸತಿ. ವಿದ್ಯಾರ್ಥಿಯ ಇಡೀ ಆರ್ಥಿಕ ಸ್ಥಿತಿಯನ್ನು ನಿರ್ಧರಿಸುವ ಪ್ರಶ್ನೆ ಒಂದೇ: ವಿದ್ಯಾರ್ಥಿನಿಲಯದಲ್ಲಿ ಸ್ಥಾನ ದೊರೆಯಿತೇ, ಇಲ್ಲವೇ? ನೆಹರೂ ವಿಶ್ವವಿದ್ಯಾಲಯದ ನಿಲಯಗಳಿಗೆ ಕಾವೇರಿ, ಗೋದಾವರಿ, ಸಾಬರಮತಿ ಎಂದು ನದಿಗಳ ಹೆಸರಿಟ್ಟಿದ್ದಾರೆ. 2019ರಲ್ಲಿ ಬಾಡಿಗೆ ಏರಿಕೆಯ ಪ್ರಸ್ತಾಪವಾಗಿ ಭಾರೀ ಪ್ರತಿಭಟನೆ ನಡೆಯುವವರೆಗೆ ಅಲ್ಲಿ ಒಬ್ಬರ ಕೊಠಡಿಗೆ ತಿಂಗಳ ಬಾಡಿಗೆ 20 ರೂಪಾಯಿ ಮಾತ್ರ ಇತ್ತು; ಊಟದ ವೆಚ್ಚ ಪ್ರತ್ಯೇಕ. ಆವರಣದ ಗೋಡೆಯಾಚೆಗಿನ ಮುನಿರ್ಕಾ, ಬೇರ್ ಸರಾಯ್, ಕಟ್‌ವಾರಿಯಾ ಸರಾಯ್‌ಗಳಲ್ಲಿ ಕಿಟಕಿ ಇರುವುದೋ ಇಲ್ಲವೋ ಎಂಬಂಥ ಕೊಠಡಿಗೂ ಬಾಡಿಗೆ ಸಾವಿರಗಳಲ್ಲಿ. ಉತ್ತರದ ದೆಹಲಿ ವಿಶ್ವವಿದ್ಯಾಲಯದ ಸುತ್ತಲಿನ ವಿಜಯನಗರ, ಕಮಲಾನಗರ, ಮುಖರ್ಜಿನಗರಗಳಲ್ಲೂ ಇದೇ ಸ್ಥಿತಿ. ಗೋಡೆಯ ಒಳಗೆ ಇರುವುದಕ್ಕೂ ಹೊರಗೆ ಇರುವುದಕ್ಕೂ ವರ್ಷಾಂತ್ಯದಲ್ಲಿ ಕಾಣುವ ಅಂತರವು ಇಳಿಕೆಯಾದ ಬೋಧನಾ ಶುಲ್ಕಕ್ಕಿಂತ ದೊಡ್ಡದಾಗಬಲ್ಲದು.

ಹೊರಗೆ ಕೊಠಡಿ ಹಿಡಿಯುವವರಿಗೆ ಮೊದಲ ತಿಂಗಳು ಎಲ್ಲಕ್ಕಿಂತ ಭಾರವಾದದ್ದು. ತಿಂಗಳ ಬಾಡಿಗೆ, ಅದರ ಮೇಲೆ ಒಂದೆರಡು ತಿಂಗಳ ಠೇವಣಿ, ದಲ್ಲಾಳಿಯ ಹಣ, ಹಾಸಿಗೆ, ಪಾತ್ರೆ, ಅಡುಗೆ ಅನಿಲ ಎಲ್ಲವೂ ಒಮ್ಮೆಗೇ ಬರುತ್ತವೆ. ವಿದ್ಯುತ್ತಿಗೆ ಅನೇಕ ಕಡೆ ಮಾಲೀಕರೇ ಉಪಮೀಟರ್ ಹಾಕಿ, ಕಂಪನಿಯ ದರಕ್ಕಿಂತ ಹೆಚ್ಚು ವಸೂಲು ಮಾಡುತ್ತಾರೆ. ದೆಹಲಿಯಲ್ಲಿ 2019ರ ಆಗಸ್ಟಿನಿಂದ ಜಾರಿಗೆ ಬಂದ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಲಾಭ ಇಂತಹ ಬಾಡಿಗೆದಾರರನ್ನು ತಲುಪುವುದು ವಿರಳ. ಹವಾಮಾನವೂ ಖರ್ಚಿನ ಒಂದು ಬಾಬ್ತೇ. ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಕೊನೆಯ ಮಹಡಿಯ ಬರ್ಸಾತಿಯಲ್ಲಿ ಓದು ಸಾಗದು. ಜನವರಿಯಲ್ಲಿ ರಜಾಯಿ, ಉಣ್ಣೆಯ ಉಡುಪು ಇಲ್ಲದೆ ನಿದ್ರೆ ಬಾರದು. ಸಮಭಾಜಕದ ಸಮೀಪದ ದೇಶಗಳಿಂದ ಬಂದವರು ದೆಹಲಿಯ ಚಳಿಯನ್ನು ಮುಂಗಾಣುವುದೇ ಇಲ್ಲ.

ಹಣವಿದ್ದರೂ ಬಾಗಿಲು ತೆರೆಯದ ಸಂದರ್ಭಗಳುಂಟು. ವಿದೇಶೀಯರಿಗೆ, ವಿಶೇಷವಾಗಿ ಆಫ್ರಿಕಾದವರಿಗೆ, ಮನೆ ಕೊಡಲು ಹಿಂಜರಿಯುವ ಮಾಲೀಕರಿದ್ದಾರೆ. ಕೊಡುವವರು ಕೆಲವೊಮ್ಮೆ ಹೆಚ್ಚಿನ ಬಾಡಿಗೆ ಕೇಳುತ್ತಾರೆ. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೊಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆ ದೇಶಕ್ಕೆ ತಲೆತಗ್ಗಿಸುವಂಥದ್ದು. ಅಂತಹ ಘಟನೆಯಾದ ನಂತರ ಕತ್ತಲಾದ ಮೇಲೆ ನಡೆದುಹೋಗುವ ದಾರಿಗೆ ಆಟೋ ಹಿಡಿಯುವುದು, ಕಡಿಮೆ ಬಾಡಿಗೆಯ ಮನೆ ಬಿಟ್ಟು ಕಾವಲಿರುವ ವಸತಿ ಸಮುಚ್ಚಯಕ್ಕೆ ಹೋಗುವುದು ಅನಿವಾರ್ಯವಾಗುತ್ತದೆ. ಭಯಕ್ಕೂ ಮಾಸಿಕ ವೆಚ್ಚವಿದೆ. ಯಾವ ಕೈಪಿಡಿಯೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಜೊತೆಗೆ ದಾಖಲೆಪತ್ರಗಳ ಒಂದು ವರ್ತುಲವಿದೆ. 180 ದಿನಗಳಿಗೂ ಹೆಚ್ಚಿನ ವಿದ್ಯಾರ್ಥಿ ವೀಸಾದ ಮೇಲೆ ಬಂದವರು 14 ದಿನಗಳೊಳಗೆ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. 2018ರಿಂದ ಇದು ಬಹುಮಟ್ಟಿಗೆ ಅಂತರಜಾಲದ ಮೂಲಕ ನಡೆಯುತ್ತಿದೆ. ನೋಂದಣಿಗೆ ವಿಳಾಸದ ಆಧಾರ ಬೇಕು. ವಿಳಾಸಕ್ಕೆ ಬಾಡಿಗೆ ಕರಾರುಪತ್ರ ಬೇಕು. ಕರಾರಿಗೆ ಠೇವಣಿ ಹಣ ಬೇಕು, ಹಣ ತರಿಸಲು ಬ್ಯಾಂಕ್ ಖಾತೆ ಬೇಕು, ಖಾತೆಗೆ ಮತ್ತೆ ವಿಳಾಸ ಬೇಕು! ಈ ತೊಡಕನ್ನು ಸಡಿಲಿಸಲೆಂದೇ ರಿಸರ್ವ್ ಬ್ಯಾಂಕಿನ ನಿಯಮಗಳು ಪಾಸ್‌ಪೋರ್ಟ್, ವೀಸಾ ಮತ್ತು ಪ್ರವೇಶಪತ್ರಗಳ ಆಧಾರದ ಮೇಲೆ ವಿದೇಶೀ ವಿದ್ಯಾರ್ಥಿಗೆ ಅನಿವಾಸಿ ಸಾಮಾನ್ಯ ಖಾತೆ ತೆರೆಯಲು ಅವಕಾಶ ಕೊಟ್ಟಿವೆ; ಸ್ಥಳೀಯ ವಿಳಾಸದ ಆಧಾರವನ್ನು 30 ದಿನಗಳೊಳಗೆ ಒದಗಿಸಿದರೆ ಸಾಕು. ಆದರೆ ವಿಳಾಸ ಪರಿಶೀಲನೆ ಮುಗಿಯುವವರೆಗೆ ಹೊರದೇಶದಿಂದ 1,000 ಡಾಲರಿಗಿಂತ ಹೆಚ್ಚು ತರಿಸುವಂತಿಲ್ಲ. ಮೊದಲ ತಿಂಗಳ ವೆಚ್ಚ ಅದಕ್ಕೂ ಮೀರುವ ಸಂಭವವಿರುವುದರಿಂದ ಆರಂಭದ ಹಣವನ್ನು ಸಂಗಡವೇ ತರುವುದು ಲೇಸು. ಮನೆ ಕೊಟ್ಟ ಮಾಲೀಕರಿಗೂ ಕರ್ತವ್ಯವಿದೆ. ‘ಸಿ ಫಾರ್ಮ್’ ಎಂದೇ ಜನಜನಿತವಾಗಿರುವ ಮಾಹಿತಿಯನ್ನು ಅವರು ವಿದೇಶೀಯರು ಬಂದ 24 ಗಂಟೆಗಳೊಳಗೆ ಸಲ್ಲಿಸಬೇಕಾಗುತ್ತದೆ. ಇದು ಉಚಿತ ಮತ್ತು ಸರಳ. ಇದರ ಹೆಸರಿನಲ್ಲಿ ಬಾಡಿಗೆದಾರರಿಂದ ಹಣ ಕೇಳುವುದಕ್ಕೆ ಯಾವ ಆಧಾರವೂ ಇಲ್ಲ.

ಬ್ರಿಟನ್ನಿನಲ್ಲಿ ಓದುವ ಭಾರತೀಯ ವಿದ್ಯಾರ್ಥಿ ಅಧ್ಯಯನಾವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿದು ಊಟದ ಖರ್ಚನ್ನಾದರೂ ಸರಿದೂಗಿಸಬಲ್ಲ. ಭಾರತದ ವಿದ್ಯಾರ್ಥಿ ವೀಸಾ ಅಂತಹ ಉದ್ಯೋಗಕ್ಕೆ ಅವಕಾಶ ಕೊಡುವುದಿಲ್ಲ. ಪಠ್ಯಕ್ರಮದ ಅಂಗವಾದ ತರಬೇತಿಯ ಮಾತು ಬೇರೆ. ನೇಪಾಳದ ಪ್ರಜೆಗಳಿಗಾದರೋ 1950ರ ಒಪ್ಪಂದದ ಕಾರಣ ವೀಸಾದ ಅಗತ್ಯವೂ ಇಲ್ಲ, ಈ ಕಟ್ಟುಪಾಡೂ ಇಲ್ಲ. ಉಳಿದ ಬಹುತೇಕರ ಪಾಲಿಗೆ ಮನೆಯಿಂದ ಬರುವ ಹಣ ಅಥವಾ ವಿದ್ಯಾರ್ಥಿವೇತನ, ಇವೆರಡೇ ಆಸರೆ. ಅವುಗಳಲ್ಲಿ ಒಂದು ತಿಂಗಳು ತಡವಾದರೂ ಅದು ಸಾಲವಾಗಿ ಪರಿಣಮಿಸುತ್ತದೆ.

ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನವು ಬೋಧನಾ ಶುಲ್ಕವನ್ನು ಭರಿಸುವುದರ ಜೊತೆಗೆ ಮಾಸಿಕ ವೇತನ, ಮನೆಬಾಡಿಗೆಯ ಭತ್ಯೆ, ಪುಸ್ತಕಾದಿಗಳಿಗೆ ವಾರ್ಷಿಕ ಅನುದಾನಗಳನ್ನು ಒಳಗೊಂಡಿದೆ. ಇತ್ತೀಚಿನ ವರ್ಷಗಳ ನಿಯಮಾವಳಿಯಂತೆ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 20,000 ರೂಪಾಯಿ, ಡಾಕ್ಟರೇಟ್ ಸಂಶೋಧಕರಿಗೆ 22,000 ರೂಪಾಯಿ ನಿಗದಿಯಾಗಿದೆ. ವರ್ಷಕ್ಕೆ 5 ಲಕ್ಷ ರೂಪಾಯಿಗಳ ಆರೋಗ್ಯ ವಿಮೆ ಕಡ್ಡಾಯ. ವೇತನ ರೂಪಾಯಿಗಳಲ್ಲಿ ಬರುವುದರಿಂದ ನಾಣ್ಯದ ಏರಿಳಿತ ಇವರನ್ನು ಬಾಧಿಸದು. ಆದರೆ ನಿಲಯದಲ್ಲಿ ಸ್ಥಾನ ಸಿಕ್ಕವರಿಗೆ ಸಾಲುವ ಈ ಮೊತ್ತ, ದಕ್ಷಿಣ ದೆಹಲಿಯಲ್ಲಿ ಕೊಠಡಿ ಹಿಡಿದವರಿಗೆ ಬಿಗಿಯೆನಿಸುತ್ತದೆ. ಬಂದ ಕೂಡಲೇ ವೇತನ ಕೈಸೇರುವುದಿಲ್ಲ. ವಿಶ್ವವಿದ್ಯಾಲಯದ ಸೇರ್ಪಡೆ ವರದಿ, ಖಾತೆ, ನೋಂದಣಿ ಇವೆಲ್ಲ ಮುಗಿಯಬೇಕು. ಪರಿಷತ್ತೇ ವಿದ್ಯಾರ್ಥಿಗಳಿಗೆ ಆರಂಭದ ವೆಚ್ಚಕ್ಕೆ ಸಾಕಷ್ಟು ಹಣ ತರುವಂತೆ ಸೂಚಿಸುವುದು ಈ ಕಾರಣಕ್ಕಾಗಿ. ಅವಧಿಯ ಪ್ರಶ್ನೆಯೂ ಇದೆ. ಪ್ರಬಂಧ ಮುಗಿಯುವ ಮೊದಲೇ ವೇತನದ ಅವಧಿ ಮುಗಿದರೆ ಕೊನೆಯ ತಿಂಗಳುಗಳು ಸ್ವಂತ ಖರ್ಚಿನಲ್ಲಿ ಸಾಗಬೇಕು. ಸಂಶೋಧಕರು ಮೂರನೆಯ ವರ್ಷದಲ್ಲೇ ಮಾರ್ಗದರ್ಶಕರೊಂದಿಗೆ ಕೂತು ಈ ಲೆಕ್ಕವನ್ನು ನೋಡಿಕೊಳ್ಳಬೇಕು.

ಹಣದ ದಾರಿ ಒಮ್ಮೆಗೇ ಮುಚ್ಚಿಹೋದರೆ ಏನಾಗುತ್ತದೆಂಬುದನ್ನು ಅಫ್ಘಾನಿಸ್ತಾನದ ವಿದ್ಯಾರ್ಥಿಗಳು ಕಂಡರು. ಆ ದೇಶಕ್ಕೆ ಪರಿಷತ್ತು ಹಲವು ವರ್ಷ ವಾರ್ಷಿಕ 1,000 ವಿದ್ಯಾರ್ಥಿವೇತನಗಳನ್ನು ಮೀಸಲಿಟ್ಟಿತ್ತು. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಅಲ್ಲಿನ ಬ್ಯಾಂಕುಗಳು ಮುಚ್ಚಿದವು. ತೆರೆದ ಮೇಲೂ ಹಣ ತೆಗೆಯಲು ಮಿತಿ ಹೇರಲಾಯಿತು. ವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ಓದುತ್ತಿದ್ದವರಿಗೆ ಮನೆಯಿಂದ ಹಣ ಬರುವುದು ನಿಂತಿತು. ಪದವಿ ಮುಗಿಸಿದವರಿಗೆ ಮರಳುವುದೂ ಸುಲಭವಿರಲಿಲ್ಲ. 2022ರ ಡಿಸೆಂಬರಿನಲ್ಲಿ ಆ ದೇಶದ ವಿಶ್ವವಿದ್ಯಾಲಯಗಳಿಂದ ಮಹಿಳೆಯರನ್ನು ಹೊರಗಿಟ್ಟ ಮೇಲೆ, ದೆಹಲಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಲ್ಲಿ ಅಧ್ಯಾಪಕಿಯಾಗಬೇಕೆಂದಿದ್ದ ಯುವತಿಗೆ ಉಳಿದ ದಾರಿ ಇನ್ನೊಂದು ವ್ಯಾಸಂಗಕ್ಕೆ ಸೇರುವುದು. ಸೇರಬೇಕಾದರೆ ಶುಲ್ಕ, ವೀಸಾ ವಿಸ್ತರಣೆ, ಬಾಡಿಗೆ ಎಲ್ಲವೂ ಮೊದಲಿನಿಂದ ಆರಂಭ.

ವಿಶ್ವವಿದ್ಯಾಲಯಗಳು ಮಾಡಬಹುದಾದ ಕೆಲಸ ದೊಡ್ಡ ಅನುದಾನ ಬೇಡುವಂಥದ್ದಲ್ಲ. ನಿಲಯದ ಸ್ಥಾನದ ನಿರ್ಣಯವನ್ನು ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ತಿಳಿಸಬಹುದು. ಶುಲ್ಕವನ್ನು ಎರಡು ಮೂರು ಕಂತುಗಳಲ್ಲಿ ಸ್ವೀಕರಿಸಬಹುದು. ವಿಳಾಸದ ದೃಢೀಕರಣಪತ್ರವನ್ನು ಸೇರ್ಪಡೆಯ ದಿನವೇ ಕೊಡಬಹುದು; ಮೇಲೆ ಹೇಳಿದ ವರ್ತುಲ ಈ ಒಂದು ಹಾಳೆಯಿಂದಲೇ ಬಹುಪಾಲು ಬಿಡಿಸಿಕೊಳ್ಳುತ್ತದೆ.

ವಿದ್ಯಾರ್ಥಿಯು ತನ್ನ ಕಡೆಯಿಂದ ಬಾಡಿಗೆ ಕರಾರನ್ನು ಲಿಖಿತವಾಗಿ ಮಾಡಿಕೊಳ್ಳಬೇಕು, ಠೇವಣಿಗೆ ರಸೀತಿ ಪಡೆಯಬೇಕು, ವಿದ್ಯುತ್ತಿನ ದರವನ್ನು ಕರಾರಿನಲ್ಲೇ ಬರೆಸಬೇಕು. ಮೆಟ್ರೋದಲ್ಲಿ ವಿದ್ಯಾರ್ಥಿ ರಿಯಾಯಿತಿ ಇಲ್ಲದಿರುವುದರಿಂದ ದೂರದ ಅಗ್ಗದ ಮನೆ ಹಿಡಿಯುವವರು ಪ್ರಯಾಣದ ವೆಚ್ಚವನ್ನು ಕೂಡಿಸಿ ನೋಡುವುದು ಒಳ್ಳೆಯದು. ಠೇವಣಿಯ ವಾಪಸಾತಿಯಲ್ಲಂತೂ ವಿಶೇಷ ಎಚ್ಚರ ಬೇಕು. ಮನೆ ಬಿಟ್ಟ ಮೇಲೆ ಲೆಕ್ಕ ನೋಡಿ ಕೊಡುವುದಾಗಿ ಮಾಲೀಕರು ಹೇಳುವುದು ವಾಡಿಕೆ. ಭಾರತೀಯ ಬಾಡಿಗೆದಾರ ಹದಿನೈದು ದಿನ ಬಿಟ್ಟು ಬಂದು ಕೇಳಬಹುದು, ಆ ವೇಳೆಗೆ ವಿದೇಶೀ ವಿದ್ಯಾರ್ಥಿಯ ವೀಸಾ ಮುಗಿದಿರುತ್ತದೆ. ಆದ್ದರಿಂದ ಕೊನೆಯ ತಿಂಗಳ ಬಾಡಿಗೆಯನ್ನು ಠೇವಣಿಯಲ್ಲೇ ಹೊಂದಿಸಿಕೊಳ್ಳುವ ಷರತ್ತನ್ನು ಕರಾರಿಗೆ ಸಹಿ ಹಾಕುವಾಗಲೇ ಸೇರಿಸಬೇಕು, ಮತ್ತು ಉಳಿದ ಹಣವನ್ನು ಬ್ಯಾಂಕ್ ಖಾತೆ ಮುಚ್ಚುವುದಕ್ಕೆ ಮೊದಲೇ ಪಡೆಯಬೇಕು.