ಮಲದೊಡನೆ ರಕ್ತ ಬಿದ್ದರೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಿಷಯದ ಹೆಸರು ಕೇಳಿಯೇ ಕೆಲವರು ಮುಖ ತಿರುಗಿಸಿದ್ದೀರಿ. ಸಂಕೋಚ ಸಹಜವೆ. ಆದರೆ ಈ ಸಂಕೋಚದಿಂದಲೇ ನಮ್ಮವರು ತಿಂಗಳುಗಟ್ಟಲೆ ರಕ್ತ ಕಳೆದುಕೊಳ್ಳುತ್ತಾರೆ. ನಾವು ವೈದ್ಯರಲ್ಲ, ಗಿರಣಿಯ ಗುಮಾಸ್ತರು. ಬಲ್ಲವರಿಂದ ಕೇಳಿ ತಿಳಿದುದನ್ನು ಅರಿಕೆ ಮಾಡುತ್ತೇವೆ.

ಮೊದಲು ಬಣ್ಣ ನೋಡಬೇಕು. ಚಾಳಿನ ಕತ್ತಲೆಯ ಸಂಡಾಸಿನಲ್ಲಿ ಅದೂ ಕಷ್ಟವೇ, ದೀಪ ಒಯ್ಯಿರಿ. ತಾಜಾ ಕೆಂಪು ರಕ್ತ ಮಲದ ಮೇಲೆ ಗೆರೆಯಾಗಿಯೋ ಕೊನೆಗೆ ಹನಿಹನಿಯಾಗಿಯೋ ಬಿದ್ದರೆ ಗಾಯ ಸಾಮಾನ್ಯವಾಗಿ ಗುದದ್ವಾರದ ಹತ್ತಿರ ಇರುತ್ತದೆ. ನೋವಿಲ್ಲದಿದ್ದರೆ ಬಹುಮಟ್ಟಿಗೆ ಮೂಲವ್ಯಾಧಿ. ಗಾಜಿನಿಂದ ಕೊಯ್ದಂತೆ ಉರಿದರೆ ಬಿರುಕು. ಎರಡಕ್ಕೂ ಮಲಬದ್ಧತೆ, ತಿಣುಕುವುದು ದೊಡ್ಡ ಕಾರಣ. ಮುಕಾದಮ ಗದರುತ್ತಾನೆಂದು ಪಾಳಿ ಮುಗಿಯುವ ತನಕ ತಡೆದುಕೊಳ್ಳುವವರು ನಮ್ಮಲ್ಲಿ ಎಷ್ಟು ಜನ! ಖಾನಾವಳಿಯ ಅನ್ನ-ಸಾರಷ್ಟೇ ಸಾಲದು. ಜೋಳದ ರೊಟ್ಟಿ, ಸೊಪ್ಪು, ಕಾಳು, ಸಾಕಷ್ಟು ನೀರು ಬೇಕು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕುಳಿತರೆ ಬಿರುಕಿನ ನೋವು ತಗ್ಗುತ್ತದೆ.

ಇಷ್ಟಾದರೂ, ಇದು ಮೂಲವ್ಯಾಧಿಯೇ ಎಂದು ತೀರ್ಪು ಕೊಡತಕ್ಕವರು ನಾವಲ್ಲ. ನಮ್ಮ ಖಾತೆಯ ಒಬ್ಬರು ಸ್ಟೇಶನ್ ಗೋಡೆಯ ಜಾಹೀರಾತು ನಂಬಿ ಆರು ತಿಂಗಳು ಪುಡಿ ನುಂಗಿದರು. ಜಿನೆ ಹತ್ತಲು ಉಸಿರು ಸಾಲದಾದಾಗ ಆಸ್ಪತ್ರೆಗೆ ಹೋದರು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ಕರುಳಿನ ಕ್ಯಾನ್ಸರೂ ಹೀಗೆಯೇ ರಕ್ತ ತೋರಿಸಬಲ್ಲದು. ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಂಭವ ಹೆಚ್ಚು. ರಕ್ತ ಮಲದೊಳಗೆ ಬೆರೆತಿದ್ದರೆ, ಮಲದ ರೂಢಿ ಮೂರು ವಾರ ಬದಲಾಗಿಯೇ ಉಳಿದರೆ, ತೂಕ ಇಳಿದರೆ, ದಣಿವು ಬಿಡದಿದ್ದರೆ, ಮನೆತನದಲ್ಲಿ ಈ ರೋಗವಿದ್ದರೆ ತಡಮಾಡಬೇಡಿ. ವಯಸ್ಸು ಐವತ್ತು ದಾಟಿದವರಂತೂ ಒಮ್ಮೆ ಬಿದ್ದರೂ ತೋರಿಸಬೇಕು. ರಕ್ತ, ಸಿಂಬಳದಂಥ ಲೋಳೆ, ಜ್ವರ ಕೂಡಿದ್ದರೆ ಆಮಶಂಕೆ ಇರಬಹುದು. ಅದಕ್ಕೂ ವೈದ್ಯರೇ ಬೇಕು.

ಡಾಂಬರಿನಂತೆ ಕಪ್ಪಗೆ, ಅಂಟಾಗಿ, ದುರ್ವಾಸನೆಯಿಂದ ಹೋದರೆ ರಕ್ತ ಜಠರದ ಕಡೆಯಿಂದ ಬಂದಿರಬಹುದು. ಬೆನ್ನುನೋವಿಗೆಂದು ದಿನಾ ನುಂಗುವ ಗುಳಿಗೆಗಳೂ ಅಲ್ಲಿ ಹುಣ್ಣು ಮಾಡುತ್ತವೆ. (ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಬೀಟ್‌ರೂಟಿನಿಂದ ಕೆಂಪಾಗುತ್ತದೆ.) ಡಾಂಬರು ಮಲ, ಗಡ್ಡೆಗಟ್ಟಿದ ರಕ್ತ, ನಿಲ್ಲದ ಸ್ರಾವ, ತಲೆಸುತ್ತು, ರಕ್ತವಾಂತಿ ಇವುಗಳಲ್ಲಿ ಒಂದಿದ್ದರೂ ಬೆಳಗಾಗುವುದನ್ನು ಕಾಯದೆ ಆ ರಾತ್ರಿಯೇ ಹೊರಡಬೇಕು.

ಪರಳದ ಕೆ.ಇ.ಎಂ. ಆಸ್ಪತ್ರೆ 1926ರಿಂದ ಇದೆ. ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಂತರಾಯಿತು. ವೈದ್ಯರು ಬೆರಳಿನಿಂದ ಪರೀಕ್ಷಿಸುವುದು ಒಂದೆರಡು ನಿಮಿಷದ ಕೆಲಸ. ಬೇಕಾದರೆ ದುರ್ಬೀನಿನ ನಳಿಕೆಯಿಂದ ಕರುಳನ್ನೂ ನೋಡುತ್ತಾರೆ. ರಕ್ತ ಎಂದಿನಿಂದ, ಯಾವ ಬಣ್ಣ, ಯಾವ ಗುಳಿಗೆ ನುಂಗುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಮರಾಠಿ ಬಾರದವರು ಹೆದರಬೇಕಾಗಿಲ್ಲ. ‘ಸಂಡಾಸ್’, ‘ರಕ್ತ’ ಎಂಬ ಎರಡು ಮಾತು ಅಲ್ಲಿಯೂ ಅವೇ.